ಅಗಿಗೆ ನೀರು ಬಿಡಿಸಿದ ಎಂಟು ದಿನ

ನಮ್ಮ ಮನೆಯಲ್ಲಿ ನೀರಿಗೆ ಮೂರು ಜಾಗಗಳಿದ್ದವು. ಕೆರೆಯಿಂದ ತಂದ ಕುಡಿಯುವ ನೀರು ಅಡುಗೆಮನೆಯ ಮೂಲೆಯಲ್ಲಿ, ಬಾಯಿಗೆ ಅರಿವೆ ಕಟ್ಟಿದ ಎರಡು ತಾಮ್ರದ ಕೊಡಗಳಲ್ಲಿ ಇರುತ್ತಿತ್ತು. ಬಳಸುವುದಕ್ಕೆ ಬಾವಿಯ ನೀರು ಬಚ್ಚಲಿನ ಹಂಡೆಯಲ್ಲಿ ಇರುತ್ತಿತ್ತು. ಪಾತ್ರೆ ತೊಳೆದ ನೀರು ಸಣ್ಣ ಕಾಲುವೆಯ ಗುಂಟ ಹಿತ್ತಲಿಗೆ ಹೋಗಿ ಕರಿಬೇವಿನ ಬುಡದಲ್ಲಿ ಇಂಗುತ್ತಿತ್ತು. ಯಾವ ನೀರನ್ನು ಯಾವ ಕೆಲಸಕ್ಕೆ ಮುಟ್ಟಬೇಕು ಎಂಬುದನ್ನು ನನಗೆ ಯಾರೂ ಕೂರಿಸಿ ಕಲಿಸಲಿಲ್ಲ, ನೋಡಿ ಕಲಿತೆ. ಕುಬಿಹಾಳದ ಆ ಮನೆಗೆ ಮಣ್ಣಿನ ಮಾಳಿಗೆಯಿತ್ತು. ತಲಬಾಗಿಲು ದಾಟಿದರೆ ಮೊದಲು ಎತ್ತುಗಳ ಗೋದಲಿ, ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಪಡಸಾಲೆ, ಅದರ ಹಿಂದೆ ನಡುಮನೆ, ಕೊನೆಗೆ ಅಡುಗೆಮನೆ. ನಡುಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಬಿಸಿಲುಕೋಲು ಇಳಿದು ಮುಂಜಾನೆ ಜೋಳದ ಚೀಲಗಳ ಮೇಲೆ, ಮಧ್ಯಾಹ್ನ ನೆಲದ ನಡುವೆ, ಸಂಜೆ ದೇವರ ಜಗಲಿಯ ಕೆಳಗೆ ಬೀಳುತ್ತಿತ್ತು. ನಡುಮನೆಯಲ್ಲಿ ಕಾಯಿಲೆಯಿಂದ ಮಲಗಿದ್ದ ಅವ್ವನ ಮುಖಕ್ಕೆ ಆ ಬಿಸಿಲು ತಾಗದಂತೆ, ಹಗ್ಗಕ್ಕೆ ಹಾಕಿದ್ದ ಹಳೆಯ ಸೀರೆಯನ್ನು ಆಗಾಗ ಸರಿಸುವುದು ನನ್ನ ಕೆಲಸವಾಗಿತ್ತು. ನನಗೆ ಆಗ ಒಂಬತ್ತು ವರ್ಷ.

ಅವ್ವನ ಮೂತ್ರಪಿಂಡಗಳು ಕೆಟ್ಟಿದ್ದವು. ಈ ಪದ ನಾನು ಕಾಲೇಜಿಗೆ ಹೋದ ಮೇಲೆ ಕಲಿತದ್ದು. ಆಗ ನನಗೆ ಗೊತ್ತಿದ್ದುದು ಅವಳ ಕಾಲು ಬಾತಿದ್ದವು, ನೀರು ಹೆಚ್ಚು ಕೊಡಬಾರದು ಎಂಬುದಷ್ಟೇ. ದಿನಕ್ಕೆ ಇಷ್ಟು ಎಂದು ವೈದ್ಯರು ಹೇಳಿದ್ದನ್ನು ಅಪ್ಪ ಒಂದು ಹಿತ್ತಾಳೆ ಚೆಂಬಿನಲ್ಲಿ ಅಳೆದು ಇಡುತ್ತಿದ್ದ. ಅದು ಮುಗಿದ ಮೇಲೆ ಒದ್ದೆ ಅರಿವೆಯಿಂದ ತುಟಿ ಒರೆಸಬೇಕು, ಅಷ್ಟೇ. ದೊಡ್ಡವರೆಲ್ಲ ಹೊಲಕ್ಕೆ ಹೋದಾಗ ಆ ಅರಿವೆ ನನ್ನ ಕೈಯಲ್ಲಿರುತ್ತಿತ್ತು.

“ಒಂದ ಗುಟುಕ ಕೊಡ ಸುಮಿ,” ಎನ್ನುತ್ತಿದ್ದಳು ಅವ್ವ. “ನಿಮ್ಮತ್ತಿ ಮುಂದ ಹೇಳಬ್ಯಾಡ.”

“ಡಾಕ್ಟರ್ ಬ್ಯಾಡ ಅಂದಾರಬೇ.”

“ಭಾಳ ಶಾಣ್ಯಾಕಿ ಆಗೀದಿ ನೀನು,” ಎಂದು ಅವಳು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ನಾನು ಹೇಳಿದ್ದನ್ನು ಸರಿಯಾಗಿ ಮಾಡಿದೆ. ಒಂದು ದಿನವೂ ತಪ್ಪಲಿಲ್ಲ. ಬೇಸಿಗೆ ಮುಗಿಯುವ ಮೊದಲೇ ಅವ್ವ ಹೋದಳು. ನಮ್ಮಲ್ಲಿ ಸುಡುವ ಪದ್ಧತಿಯಿಲ್ಲ. ಹಣೆಗೆ ವಿಭೂತಿ ಹಚ್ಚಿ, ಕೂರಿಸಿ, ನಮ್ಮದೇ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದರು. ನಾನು ಅಳಲಿಲ್ಲ. ಅಳು ಬರಲಿ ಎಂದು ಒಬ್ಬ ಹೆಂಗಸು ನನ್ನ ರಟ್ಟೆಯನ್ನು ಚಿವುಟಿದಳು. ಆ ಜಾಗ ಕೆಂಪಾಯಿತು. ನಾನು ಆ ಕೆಂಪನ್ನು ನೋಡುತ್ತ ನಿಂತೆ.

ಅತ್ತೆಯ ವಿಷಯವನ್ನು ಇಲ್ಲಿ ಹೇಳಬೇಕು. ನೀಲವ್ವ ಅಪ್ಪನ ಅಕ್ಕ. ಕಲಘಟಗಿ ಕಡೆಯ ತಂಬೂರಕ್ಕೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ತವರಿಗೆ ಬಂದಳು. ಅವಳಿಗೂ ಅವ್ವನಿಗೂ ರೊಟ್ಟಿಯ ದಪ್ಪದಿಂದ ಹಿಡಿದು ಚಟ್ನಿಯ ಉಪ್ಪಿನವರೆಗೆ ಎಲ್ಲದಕ್ಕೂ ಜಗಳ. ಗಿಡಗಳ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಮಳೆ ತಡವಾಗಿ ಮೆಣಸಿನ ಗಿಡಗಳು ಬಾಡಿದಾಗ ಅವ್ವ ಸಾಲು ಸಾಲು ನಡೆದು, ಬಾಡಿಯೂ ಸಂಜೆಗೆ ಎದ್ದು ನಿಂತ ಗಿಡಗಳಿಗೆ ಕೆಂಪು ದಾರ ಕಟ್ಟುತ್ತಿದ್ದಳು. ಹೆಚ್ಚು ಕಾಯಿ ಬಿಟ್ಟ ಗಿಡವಲ್ಲ, ದಾರ ಕಟ್ಟಿದ ಗಿಡದ ಹಣ್ಣೇ ಬೀಜಕ್ಕೆ. ಆ ಬೀಜವನ್ನು ಬೂದಿಯಲ್ಲಿ ಉಜ್ಜಿ, ಸಣ್ಣ ಗಡಿಗೆಯಲ್ಲಿ ತುಂಬಿ, ಬಾಯಿಗೆ ಸಗಣಿ ಮೆತ್ತಿ ನಡುಮನೆಯ ಗೂಡಿನಲ್ಲಿ ಇಡುವವಳು ಅವಳು. ಬಿತ್ತುವವಳು ಅತ್ತೆ. ಕಡಲೆ ಗೇಣುದ್ದ ಬಂದಾಗ ಕುಡಿ ಚಿವುಟಿಸಿ ಕವಲು ಒಡೆಸುವುದು, ಕರಿಮಣ್ಣು ಬಿರಿಯತೊಡಗಿದರೆ ಕೂಡಲೇ ಎಡೆಕುಂಟೆ ಹೊಡೆಸಿ ಒಳಗಿನ ಹಸಿ ಹೊರಗೆ ಹೋಗದಂತೆ ಬಿರುಕು ಮುಚ್ಚಿಸುವುದು, ಇವೆಲ್ಲ ಅತ್ತೆಯ ಗದರಿಕೆಯಲ್ಲೇ ನಡೆಯುತ್ತಿದ್ದವು. ನಮ್ಮ ಕಡೆ ಕೈಗುಣ ಎಂಬ ಮಾತಿದೆ. ಕೆಲವರು ಊರಿದ್ದು ಹತ್ತುತ್ತದೆ, ಕೆಲವರು ಊರಿದ್ದು ಹತ್ತುವುದಿಲ್ಲ ಎಂಬ ನಂಬಿಕೆ. ಗಂಡ ಸತ್ತವಳೆಂದು ಅತ್ತೆಯನ್ನು ಯಾರೂ ಉಡಿ ತುಂಬಲು ಕರೆಯುತ್ತಿರಲಿಲ್ಲ. ಆದರೆ ನಮ್ಮ ಓಣಿಯ ಏಳೆಂಟು ಮನೆಯವರು ಹೊಲಕ್ಕೆ ಮೊದಲನೆಯ ಅಗಿಯನ್ನು ಅವಳ ಕೈಯಿಂದಲೇ ಹಚ್ಚಿಸುತ್ತಿದ್ದರು. ಮೊದಲು ಹಾಗೆ ಮಾಡಿಸಿದವಳು ಅವ್ವ. ವರ್ಷಕ್ಕೊಮ್ಮೆ ಆ ದಿನ ಅತ್ತೆ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆಯುತ್ತಿದ್ದಳು. ಅಗಿ ಎಂದರೆ ಸಸಿ. ಗ್ರಂಥಗಳಲ್ಲಿ ಸಸಿ ಎಂದೇ ಬರೆಯುತ್ತಾರೆ ಎಂಬುದು ನನಗೆ ತಿಳಿದಿದೆ. ಆದರೆ ಆ ವರ್ಷ ಹಿತ್ತಲಲ್ಲಿ ಇದ್ದವುಗಳನ್ನು ಸಸಿ ಎಂದು ಕರೆಯಲು ನನಗೆ ಆಗುವುದಿಲ್ಲ.

ಅವ್ವ ಕೊನೆಯದಾಗಿ ಕಟ್ಟಿಟ್ಟ ಗಡಿಗೆಯನ್ನು ಅತ್ತೆ ಒಡೆದು, ಇದ್ದ ಬೀಜವನ್ನೆಲ್ಲ ಹಿತ್ತಲಿನ ಮಡಿಯಲ್ಲಿ ಚೆಲ್ಲಿದಳು. ಕೋಳಿ, ಆಡು ಬಾರದಂತೆ ಸುತ್ತಲೂ ಜಾಲಿಯ ಮುಳ್ಳು ಹೊಂದಿಸಿದಳು. ಅಗಿ ಗೇಣುದ್ದ ಆಗುತ್ತ ಬಂದಾಗ ತಂಬೂರದಿಂದ ಮದುವೆಯ ಕರೆ ಬಂತು. ಗಂಡನ ಮನೆಯವರು ಕರೆದದ್ದು ಬಹಳ ವರ್ಷಗಳ ಮೇಲೆ, ಹೋಗದೆ ಇರುವಂತಿರಲಿಲ್ಲ. ಹೊರಡುವ ಮುಂಜಾನೆ ಅವಳು ನನ್ನನ್ನು ಮಡಿಯ ಮುಂದೆ ನಿಲ್ಲಿಸಿದಳು.

“ಇವತ್ತಿನಿಂದ ಎಂಟ ದಿನ ಇವಕ್ಕ ನೀರ ಬಿಡಿಸೂದು. ಒಂದ ಹನಿ ತೋರಿಸಬ್ಯಾಡ.”

“ಬಾಡಿದ್ರ?”

“ಬಾಡ್ಲಿ. ಬಾಡಿ ಸಂಜಿಕ ಏಳತಾವು. ಇಲ್ಲೇ ಕುಂತ ಕುಡಕೋತ ಇದ್ರ ಬೇರ ಕೆಳಗ ಯಾಕ ಇಳೀತಾವು? ನಾಳೆ ಹೊಲದಾಗ ಗಾಳಿ ಬಿಟ್ಟಾಗ ಯಾರ ಬರತಾರ ತಂಬಿಗಿ ತಗೊಂಡು? ಹಚ್ಚಿದ ಮ್ಯಾಲ ಒಂದ ತಂಬಿಗಿ ಹಾಕಬೇಕು. ಅದಕ್ಕ ಹೊತ್ತ ಐತಿ. ತಿಳೀತಿಲ್ಲೊ?”

“ತಿಳೀತು.”

ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಎಲೆಗಳು ತಲೆ ತಗ್ಗಿಸಿದವು. ಸಂಜೆ ಎದ್ದವೋ ಇಲ್ಲವೋ ನಾನು ನೋಡಲಿಲ್ಲ. ಅಪ್ಪ ಹೊಲದಲ್ಲಿದ್ದ, ಮನೆಯಲ್ಲಿ ನಾನೊಬ್ಬಳೇ. ಮುಚ್ಚಿಟ್ಟಿದ್ದ ರೊಟ್ಟಿ, ಝುಣಕ ತಿಂದು ಕೈ ತೊಳೆಯಲು ಬಚ್ಚಲಿಗೆ ಹೋದೆ. ಹಂಡೆ ತುಂಬಿತ್ತು. ತಂಬಿಗೆ ಅದರ ಮೇಲೆಯೇ ಇತ್ತು. ನಾನು ಏನನ್ನೂ ಯೋಚಿಸಿದ ನೆನಪಿಲ್ಲ. ತಂಬಿಗೆ ಅದ್ದಿದೆ, ಹಿತ್ತಲಿಗೆ ನಡೆದೆ, ಮುಳ್ಳಿನ ಮೇಲಿಂದ ಕೈ ಚಾಚಿ ಸುರಿದೆ. ಮಣ್ಣು ಸದ್ದು ಮಾಡುತ್ತ ಕುಡಿಯಿತು. ಇನ್ನೊಂದು ತಂದೆ. ಏಳು ದಿನ, ಬಿಸಿಲುಕೋಲು ನೆಲದ ನಡುವೆ ಬಂದ ಹೊತ್ತಿಗೆ, ದಿನಕ್ಕೆ ಹತ್ತು ಹನ್ನೆರಡು ತಂಬಿಗೆ ಹೊತ್ತೆ. ಗೋಡೆಯ ಪಕ್ಕದ ಅಂಚಿಗೆ ನನ್ನ ಕೈ ಎಟುಕುತ್ತಿರಲಿಲ್ಲ. ಅಲ್ಲಿ ಮುಳ್ಳು ದಟ್ಟವಾಗಿತ್ತು. ಆ ಅಂಚಿನ ಅಗಿಗಳು ಬಣ್ಣ ಕಳೆದುಕೊಂಡು ಗಿಡ್ಡಾಗಿ ಉಳಿದವು. ಮಿಕ್ಕವು ಹಸಿರಾಗಿ, ಹೊಳೆಯುತ್ತ, ಒಂದರ ಮೇಲೊಂದು ಒರಗಿ ಬೆಳೆದವು. ರಟ್ಟೆಯ ತುಂಬ ಮುಳ್ಳು ಗೀರಿದ ಗೆರೆಗಳಿದ್ದವು. ಅಪ್ಪ ಕೇಳಲಿಲ್ಲ. ಆ ದಿನಗಳಲ್ಲಿ ಅವನು ನನ್ನನ್ನು ಏನೂ ಕೇಳುತ್ತಿರಲಿಲ್ಲ.

ಅತ್ತೆ ಬಂದ ದಿನವೇ ಸಂಜೆ ಹದವಾದ ಮಳೆ ಸುರಿಯಿತು. ಮಳೆ ನಿಂತ ಮೇಲೆ ಅವಳು ಕೈಕಾಲು ತೊಳೆಯದೆ ನೇರವಾಗಿ ಹಿತ್ತಲಿಗೆ ಹೋದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಒಂದು ಅಗಿ ಕಿತ್ತು ಕಾಂಡವನ್ನು ಉಗುರಿನಿಂದ ಒತ್ತಿದಳು. ಅದು ಲಟಕ್ಕನೆ ಮುರಿದು ನೀರು ಒಸರಿತು.

“ಇವು ಭಾಳ ಎಳೆವು ಅದಾವು,” ಎಂದಳು ಅಪ್ಪನಿಗೆ. “ಇನ್ನೊಂದ ನಾಕೈದ ದಿನ ತಡಿ.”

“ಮಳಿ ಬಂದೈತಿ, ಆಳಿಗೆ ಹೇಳೀನಿ. ತಡಿ ಅಂತ ಮಳಿಗೆ ಹೇಳ್ಲೇನು?”

“ಮಳಿಗೆ ಬ್ಯಾಡೋ, ನಿನಗ ಹೇಳಾಕತ್ತೀನಿ.”

“ಅಗದಿ ಚಂದ ಬಂದಾವಕ್ಕ. ನಿನಗ ಎಲ್ಲಾದ್ರಾಗೂ ಕೊಂಕ ಕಾಣತೈತಿ.”

ಅಪ್ಪ ಕೇಳಲಿಲ್ಲ. ಮರುದಿನ ಬೆಳಗಾಗುವ ಮುಂಚೆ ಇಷ್ಟಲಿಂಗ ಪೂಜೆ ಮುಗಿಸಿ, ಹೊಲದ ಬದುವಿನಲ್ಲಿ ಐದು ಕಲ್ಲು ಇಟ್ಟು, ಕುಂಕುಮ ಹಚ್ಚಿ, ಅತ್ತೆ ಇಳಕಲ್ ಸೀರೆಯಲ್ಲಿ ಮೊದಲನೆಯ ಅಗಿ ಹಚ್ಚಿದಳು. ನಮ್ಮ ಬದುವಿನ ಆಚೆ ಹೊಲವಿದ್ದ ಫಕೀರವ್ವ ಆಳುಗಳ ಮುಂದಾಳಾಗಿ ಬಂದಿದ್ದಳು. ಅವಳ ಬಾಯಿಗೆ ಬಿಡುವಿರಲಿಲ್ಲ. “ನೀಲವ್ವ, ನಿನ್ನ ಕೈಗುಣಕ್ಕ ನನ್ನ ಗಂಡನ್ನ ಒಂದ ಸಲಾ ಮಣ್ಣಾಗ ಊರಬೇ, ಎರಡ ಗೇಣ ಉದ್ದರ ಆದಾನು,” ಎಂದಾಗ ಹೆಂಗಸರೆಲ್ಲ ನಕ್ಕರು. ಅವ್ವ ಹೋದ ಮೇಲೆ ಅತ್ತೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಂಚಿನ ಗಿಡ್ಡ ಅಗಿಗಳನ್ನು ಎಲ್ಲಕ್ಕೂ ಕೊನೆಗೆ, ಅವ್ವನನ್ನು ಇಟ್ಟ ಮೂಲೆಯ ಹತ್ತಿರ, ಎರಡು ಸಾಲಿಗೆ ಹಚ್ಚಿದರು.

ಮೂರನೆಯ ದಿನ ಗಾಳಿ ಎದ್ದಿತು. ಆಷಾಢದ ಗಾಳಿ ನಮ್ಮ ಬಯಲಲ್ಲಿ ಮಳೆಯ ಮೋಡಗಳನ್ನು ತಲೆಯ ಮೇಲಿಂದಲೇ ಓಡಿಸಿಕೊಂಡು ಹೋಗುತ್ತದೆ, ಕೆಳಗೆ ಮಣ್ಣನ್ನು ಒಣಗಿಸುತ್ತದೆ. ಅಗಿಗಳು ಮಧ್ಯಾಹ್ನ ಬಾಡಿದವು, ಸಂಜೆ ಏಳಲಿಲ್ಲ. ವಾರದಲ್ಲಿ ಹೊಲದಲ್ಲಿ ಕಡ್ಡಿಗಳಷ್ಟೇ ಉಳಿದವು. ಅಪ್ಪ ಅದನ್ನು ನೋಡಿ ಬಂದ ದಿನದ ಊಟ ನನಗೆ ನೆನಪಿದೆ. ನವಣೆಯ ಅನ್ನ, ಕಟ್ಟಿನ ಸಾರು. ಅತ್ತೆ ಬಡಿಸುತ್ತಿದ್ದಳು. ಅಪ್ಪ ತಾಟನ್ನು ಮುಂದಕ್ಕೆ ನೂಕಿದ.

“ಇಷ್ಟ ವರ್ಷ ಅಕಿ ಇದ್ದಾಗ ಒಂದ ಅಗಿ ಸತ್ತಿದ್ದಿಲ್ಲ.”

ಅತ್ತೆ ಸೌಟು ಹಿಡಿದು ನಿಂತಳು.

“ಅಕಿ ಬೀಜ ಇದ್ದದ್ದ ಅಷ್ಟು. ಎಲ್ಲಾ ತಗದ ಚೆಲ್ಲಿದಿ. ನೀರ ಬಿಡಿಸಿದ್ದೆ ಅಂತೀ, ಎಲ್ಲಿ ಬಿಡಿಸಿದ್ದಿ? ಮದವಿ ಊಟದ ಚಿಂತ್ಯಾಗ ಅಗಿ ಚಿಂತಿ ಎಲ್ಲಿರತೈತಿ? ಓಣಿ ಮಂದಿ ಸುಳ್ಳ ಹೊಗಳಿ ಹೊಗಳಿ ಕೈಗುಣ ಅಂತ ತಲಿ ಮ್ಯಾಲ ಕುಂದರಿಸ್ಯಾರ.”

ಅತ್ತೆ ನನ್ನ ಕಡೆ ನೋಡಲಿಲ್ಲ. ಅದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ನೋಡುತ್ತಾಳೆ ಎಂದು ನಾನು ಕಾಯುತ್ತಿದ್ದೆ. “ಹೌದಪ್ಪ, ತಪ್ಪ ಆತು,” ಎಂದು ಹೇಳಿ ಅವಳು ಅಪ್ಪನ ತಾಟಿಗೆ ಇನ್ನೊಂದು ಸೌಟು ಸಾರು ಹಾಕಿದಳು. ನಾನು ಅನ್ನವನ್ನು ಕಲಸಿದೆ. ಉಂಡೆ. ತಾಟು ತೊಳೆದು ಬೋರಲು ಹಾಕಿದೆ. ಬಚ್ಚಲಲ್ಲಿ ತಂಬಿಗೆ ಥಳಥಳ ಹೊಳೆಯುತ್ತಿತ್ತು. ಯಾರೋ ಹುಣಸೆಹಣ್ಣು ಹಾಕಿ ಉಜ್ಜಿದ್ದರು. ಅದರ ಅರ್ಥವನ್ನು ನಾನು ವಿಚಾರಿಸಲಿಲ್ಲ.

ಮುಂದಿನ ಹಂಗಾಮಿಗೆ ಓಣಿಯ ಯಾರೂ ಅತ್ತೆಯನ್ನು ಕರೆಯಲಿಲ್ಲ. ಯಾರೂ ಮುಖಕ್ಕೆ ಏನೂ ಅನ್ನಲಿಲ್ಲ, ಕರೆಯಲಿಲ್ಲ, ಅಷ್ಟೇ. ಅಪ್ಪ ಅಂಗಡಿಯ ಬೀಜ ತಂದ. ಅತ್ತೆ ದನ, ಅಡುಗೆ, ಸಗಣಿಯ ಕುಳ್ಳು ಎಂದು ಮನೆಯೊಳಗೇ ಉಳಿದಳು. ಇಳಕಲ್ ಸೀರೆ ಪೆಟ್ಟಿಗೆಯಲ್ಲಿ ಮಡಿಕೆ ಬಿದ್ದಲ್ಲೇ ಹರಿಯಿತು; ಅದನ್ನು ಹೊದೆಯುವ ಕೌದಿಗೆ ಹಾಕಿದಳು. ಅವ್ವನ ಮೂಲೆಯ ಎರಡು ಸಾಲು ಮಾತ್ರ ಆ ವರ್ಷ ಗಾಳಿಯನ್ನು ತಾಳಿ ನಿಂತು ಕಾಯಿ ಬಿಟ್ಟಿದ್ದವು. ಅವು ಯಾವ ಅಗಿಗಳು ಎಂಬುದು ನನಗೆ ಗೊತ್ತಿತ್ತು. ಅತ್ತೆ ಅವುಗಳ ಹಣ್ಣು ಒಣಗಿಸಿ, ಬೀಜ ಬಿಡಿಸಿ, ಒಂದು ಹಿಡಿಯನ್ನು ಫಕೀರವ್ವನಿಗೆ ಕೊಟ್ಟಳು. “ಬೀಜದ ತಪ್ಪೇನೈತಿ, ತಗೊ,” ಎಂದಳು. ಫಕೀರವ್ವ ತೆಗೆದುಕೊಂಡಳು, ತನ್ನ ಕೈಯಿಂದಲೇ ಬಿತ್ತಿದಳು. ಒಂದು ಮಾತು ಹೇಳಿದ್ದರೆ ಅತ್ತೆಯ ಹೆಸರು ಉಳಿಯುತ್ತಿತ್ತು. ಹತ್ತು ವರ್ಷದವಳಾಗಿ ನಾನು ಹೇಳಲಿಲ್ಲ. ಹದಿನೈದರವಳಾಗಿಯೂ ಹೇಳಲಿಲ್ಲ. ಹೇಳಬೇಕೆಂದು ತವಕಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಒಳಗೆ ಏನೂ ತವಕಿಸುತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ಪದವಿ ಓದಿದವಳು ನಾನೇ ಮೊದಲು. ನನ್ನ ಕಾಲೇಜಿನ ಖರ್ಚಿಗೆ ಅತ್ತೆ ತನ್ನ ಎರಡು ಎಮ್ಮೆಗಳ ಹಾಲು ಮಾರಿದಳು. ಕೃಷಿ ಪದವಿಯ ಎರಡನೆಯ ವರ್ಷ, ಒಂದು ಮಧ್ಯಾಹ್ನದ ತರಗತಿಯಲ್ಲಿ ಅಧ್ಯಾಪಕರು ಬರ, ಬಿಸಿಲು, ಗಾಳಿಗಳನ್ನು ಗಿಡ ಹೇಗೆ ತಾಳಿಕೊಳ್ಳುತ್ತದೆ ಎಂಬುದನ್ನು ವಿವರಿಸಿದರು. ನೀರು ಕಡಿಮೆಯಾದಾಗ ಎಲೆಯ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಮೇಲಿನ ಬೆಳವಣಿಗೆ ನಿಲ್ಲುತ್ತದೆ, ಬೇರು ಆಳಕ್ಕೆ ಹುಡುಕಿಕೊಂಡು ಹೋಗುತ್ತದೆ, ಕಾಂಡ ಗಡಸಾಗುತ್ತದೆ. ನಾಟಿಗೆ ಮೊದಲು ಕೆಲವು ದಿನ ನೀರು ತಗ್ಗಿಸಿ ಸಸಿಗಳನ್ನು ಹೀಗೆ ಗಟ್ಟಿಗೊಳಿಸಬೇಕು. ಧಾರಾಳ ನೀರು ಕುಡಿದ ಸಸಿ ನೋಡಲು ಚೆಂದ, ಹೊಲದಲ್ಲಿ ಬದುಕುವುದಿಲ್ಲ. ಆದರೆ ಅಳತೆ ಮೀರಿದರೆ ಬಾಯಾರಿಕೆಯೂ ಕೊಲ್ಲುತ್ತದೆ, ಅದನ್ನು ಮರೆಯಬಾರದು ಎಂದರು. ನಾನು ಎಲ್ಲವನ್ನೂ ದುಂಡಾದ ಅಕ್ಷರಗಳಲ್ಲಿ ಬರೆದುಕೊಂಡೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ನನ್ನ ಉತ್ತರವನ್ನು ಮಾದರಿ ಉತ್ತರವೆಂದು ತರಗತಿಯಲ್ಲಿ ಓದಿಸಿದರು.

ಈಗ ನಾನು ರೈತರಿಗೆ ತರಬೇತಿ ಕೊಡುವ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತೇನೆ. ಅತ್ತೆ ಕುಂದಗೋಳದಲ್ಲಿ ನನ್ನ ಜೊತೆಗೇ ಇದ್ದಾಳೆ. ಕಳೆದ ಹಂಗಾಮಿನಲ್ಲಿ ಕುಬಿಹಾಳದ ಹೆಣ್ಣುಮಕ್ಕಳಿಗೆ ಮೆಣಸಿನ ಸಸಿಗಳ ಬಗ್ಗೆ ಸಭೆ ಇತ್ತು. ಊರಿಗೆ ಎಂದು ಗೊತ್ತಾದದ್ದೇ ಅತ್ತೆ ಕೋಲು ಹಿಡಿದು ಜೀಪು ಹತ್ತಿದಳು. ಗುಡಿಯ ಕಟ್ಟೆಯ ಮೇಲೆ ಸಭೆ. ನಾನು ಟಿಪ್ಪಣಿಯನ್ನು ಎರಡು ಸಲ ತಿದ್ದಿ ತಂದಿದ್ದೆ. ಗಟ್ಟಿಗೊಳಿಸುವ ವಿಷಯ ಬಂದಾಗ ಉದಾಹರಣೆಯಾಗಿ ಒಂದು ಮನೆಯ ಕಥೆ ಹೇಳಿದೆ: ಒಂದು ಊರು, ಒಬ್ಬ ಹುಡುಗಿ, ಮರುಕದಿಂದ ನೀರು ಹಾಕಿದಳು, ಅಗಿಗಳು ಸತ್ತವು. ಹೆಂಗಸರು ತಲೆದೂಗಿದರು. ಚಹಾ ಹಂಚತೊಡಗಿದಾಗ ನಾನು ಅತ್ತೆಯ ಪಕ್ಕದಲ್ಲಿ ಬಂದು ಕುಳಿತೆ. ಅವಳು ಬಸಿಗೆ ಚಹಾ ಸುರಿದುಕೊಂಡು ಊದುತ್ತಿದ್ದಳು.

“ಆ ಹುಡಗಿ ಹೆಸರ ಹೇಳಲಿಲ್ಲಲ್ಲ ನೀನು,” ಎಂದಳು.

ನಾನು ಅವಳ ಕಡೆ ತಿರುಗಿದೆ. “ನಿನಗ ಗೊತ್ತಿತ್ತನಬೇ?”

“ತಂಬಿಗಿ ತಳಕ್ಕ ಹಿತ್ತಲ ಮಣ್ಣ ಹತ್ತಿತ್ತು. ನಾನ ತಿಕ್ಕಿ ಇಟ್ಟೆ.”

“ಅಪ್ಪಗ ಯಾಕ ಹೇಳಲಿಲ್ಲ?”

“ಹೇಳಿದ್ರ ಅಂವ ನಿನ್ನ ಹೊಡೀತಿದ್ದ. ಹೊಡದ್ರೂ ನೀ ಅಳತಿದ್ದಿಲ್ಲ. ಅದನ್ನ ನೋಡೂದು ನನ್ನ ಕೈಲೆ ಆಗತಿದ್ದಿಲ್ಲ.” ಅವಳು ಬಸಿ ಬರಿದು ಮಾಡಿ ಕೆಳಗಿಟ್ಟಳು. “ನಿಮ್ಮವ್ವಗ ನೀರ ಕೊಡಲಾರದ ಕೈ ಅದು. ಅಗಿಗೆ ಹಾಕ್ತು. ನಾ ಏನಂತ ಬೈಲಿ?”

ನಾನು ಎದ್ದು ನಿಂತೆ. ಮೈಕು ಆಗಲೇ ಬಂದ್ ಆಗಿತ್ತು, ಬೇಕಾಗಲೂ ಇಲ್ಲ. ಆ ಹುಡುಗಿ ನಾನು, ನೀರು ಹಾಕಿದ್ದು ನಾನು, ನೀಲವ್ವನ ಕೈಯಲ್ಲಿ ತಪ್ಪಿರಲಿಲ್ಲ ಎಂದು ಮೂರು ವಾಕ್ಯ ಹೇಳಿದೆ. ಮುಂದಿನ ಸಾಲಿನಲ್ಲಿದ್ದ ಫಕೀರವ್ವ ಹಲ್ಲಿಲ್ಲದ ಬಾಯಿ ತೆರೆದು ನನ್ನನ್ನೇ ನೋಡಿದಳು. ಆಮೇಲೆ ಅತ್ತೆಯ ಕಡೆ ನೋಡಿದಳು.

“ಇಷ್ಟ ವರ್ಷ ಅಕಿ ಕೈಗೆ ಹೆಸರ ಇಟ್ಟಿವಲ್ಲ ನಾವು,” ಎಂದಳು. ಮತ್ತೆ ನನಗೆ: “ಸಾಲಿ ಕಲತ ನೀನ ಹೇಳಾಕ ಇಷ್ಟ ತಡಾ ಮಾಡಿದಿ. ಕಲೀಲಾರದಾಕಿ ಆಗಿದ್ರ?”

“ನನ್ನ ಕುಣ್ಯಾಗ ಇಳಿಸಿದ ಮ್ಯಾಲ ಹೇಳತಿದ್ಲು,” ಎಂದಳು ಅತ್ತೆ.

ಯಾರೋ ಕಿಸಕ್ಕನೆ ನಕ್ಕರು. ಫಕೀರವ್ವ ನಗಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದಳು. “ಇವತ್ತ ಸಂಜಿಕ ನಮ್ಮ ಹೊಲದಾಗ ಅಗಿ ಹಚ್ಚಾಕ ಹಿಡೀತೀವಿ. ಮೊದಲನೇದು ನಿಂದ, ನಡಿ.”

“ಸೊಂಟ ಬಾಗಂಗಿಲ್ಲ ನಂದು. ನಿಂತ ಒಗದ್ರ ಹತ್ತತೈತೇನು?”

“ಕುಂತ ಹಚ್ಚಬೇ. ಬೇಕಂದ್ರ ಹೊತ್ತಕೊಂಡ ಒಯ್ತೀವಿ.”

ಹೊರಲಿಲ್ಲ, ಜೀಪಿನಲ್ಲೇ ಹೋದೆವು. ಬಿಸಿಲು ಇಳಿದಿತ್ತು. ಬದುವಿನ ಆಚೆ ನಮ್ಮ ಹೊಲದಲ್ಲಿ ಅವ್ವನನ್ನು ಇಟ್ಟ ಮೂಲೆಯ ಕಲ್ಲುಗಳು ಕಾಣುತ್ತಿದ್ದವು. ಇಬ್ಬರು ರಟ್ಟೆ ಹಿಡಿದು ಅತ್ತೆಯನ್ನು ಸಾಲಿನ ತುದಿಯಲ್ಲಿ ಕೂರಿಸಿದರು. ಫಕೀರವ್ವ ಬುಟ್ಟಿಯಿಂದ ಒಂದು ಅಗಿ ಕೊಟ್ಟಳು. ಗಿಡ್ಡ, ಎಲೆ ಜೋತು ಬಿದ್ದದ್ದು. ಅತ್ತೆ ಕಾಂಡವನ್ನು ಉಗುರಿನಿಂದ ಒತ್ತಿದಳು. ಮುರಿಯಲಿಲ್ಲ.

“ಎಷ್ಟ ದಿನ ನೀರ ಬಿಡಿಸಿದ್ರಿ?”

“ಎಂಟ.”

ಅತ್ತೆ ತಲೆಯಾಡಿಸಿ, ಬೆರಳಿನಿಂದ ಮಣ್ಣು ತೋಡಿ ಬೇರನ್ನು ನೇರವಾಗಿ ಇಳಿಸಿದಳು. ನನ್ನ ಕೈಗೆ ಯಾರೋ ತುಂಬಿದ ತಂಬಿಗೆ ಕೊಟ್ಟಿದ್ದರು. ನಾನು ಬಾಗಿ ಅದನ್ನು ಅಗಿಯ ಮೇಲೆ ಹಿಡಿದು ತಡೆದೆ. ಅತ್ತೆ ಬುಡದ ಮಣ್ಣನ್ನು ಎರಡೂ ಹೆಬ್ಬೆರಳಿನಿಂದ ಒತ್ತಿದಳು, ಸುತ್ತಲೂ ಇನ್ನೊಮ್ಮೆ ಒತ್ತಿದಳು, ಕೈ ಹಿಂದೆ ತೆಗೆದಳು.

“ಈಗ ಹಾಕು,” ಎಂದಳು.